ಮೈಸೂರು ಅರಸರನ್ನು ಪ್ರಶ್ನೆ ಮಾಡಿದರೆ ಉಂಡ ಮನೆಗೆ ಎರಡು ಬಗೆದ ಹಾಗಾ?

ಬೆಟ್ಟದ_ಪಾದ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಒಬ್ಬರು ಮೈಸೂರು ಚಲೋ ಬಗ್ಗೆ ನಾಲ್ಕು ಸಾಲು ಹಾಕಿದರು. 1947ರ ಸೆಪ್ಟೆಂಬರ್‌ನಲ್ಲಿ ಜನ ಮಹಾರಾಜರ ಸರ್ಕಾರದ ವಿರುದ್ಧ ಬೀದಿಗೆ ಇಳಿದಿದ್ದರು, ಗೋಲಿಬಾರ್ ಆಯಿತು, ಜನ ಸತ್ತರು ಅಂತ ಅಷ್ಟೇ. ಒಂದು ಕೆಟ್ಟ ಮಾತಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಬೈಗುಳ ಶುರುವಾಯಿತು. ಕನ್ನಂಬಾಡಿ ನೀರು ಕುಡಿದು ಅರಮನೆಗೆ ಕಲ್ಲು ಹೊಡೀತೀಯಾ, ನಾಲ್ವಡಿಯವರು ಇಲ್ಲದಿದ್ದರೆ ನೀನು ಎಲ್ಲಿರ್ತಿದ್ದೆ, ಹೀಗೆ. ಕೊನೆಗೆ ಬರೆದವರೇ ಗುಂಪು ಬಿಟ್ಟು ಹೋದರು.

ನನಗೂ ನಾಲ್ವಡಿಯವರ ಮೇಲೆ ಗೌರವ ಇದೆ. ಅವರ ಕಾಲದಲ್ಲಿ ಆದ ಕೆಲಸ ಸಣ್ಣದಲ್ಲ. ಆದರೆ ಅರಮನೆಯ ಎದುರು ನಿಂತು ಲೆಕ್ಕ ಕೇಳಿದವರೂ ಇದೇ ಮಣ್ಣಿನವರು ಅಲ್ವಾ? ಅವರ ಹೆಸರು ಎತ್ತಿದರೂ ರಾಜದ್ರೋಹ ಅನ್ನುವ ಹಾಗೆ ಯಾಕೆ ಆಡುತ್ತೇವೆ? ರಾಜರೇ ಇದ್ದ ಕಾಲದಲ್ಲಿ ಕೇಳಿದ ಪ್ರಶ್ನೆಯನ್ನು ಪ್ರಜಾಪ್ರಭುತ್ವದಲ್ಲಿ ಕೇಳಬಾರದಾ? ತಿಳಿದವರು ಹೇಳಿ.

ಸಕ್ಕರೆನಾಡು_71

ಕೇಳಬಹುದು. ಆದರೆ ಮೊದಲು ಕೃತಜ್ಞತೆ ಇರಬೇಕು.

ನಾನು ಮಂಡ್ಯ ಕಡೆಯವನು. ನಮ್ಮ ತಾತನ ಕಾಲಕ್ಕೆ ಊರಲ್ಲಿ ಬೆಳೆಯುತ್ತಿದ್ದದ್ದು ರಾಗಿ, ಹುರುಳಿ. ಅದೂ ಮಳೆ ಬಂದರೆ. ನಾಲೆ ಬಂದ ಮೇಲೆ ಭತ್ತ, ಕಬ್ಬು. ಇವತ್ತಿಗೂ ನಮ್ಮ ಕಡೆ ಎಷ್ಟೋ ಮನೆಯಲ್ಲಿ ದೇವರ ಪಟದ ಪಕ್ಕ ನಾಲ್ವಡಿಯವರ ಪಟ ಇರುತ್ತದೆ. 1902ರಲ್ಲಿ ಶಿವನಸಮುದ್ರದ ಕರೆಂಟು, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಆಮೇಲೆ ಭದ್ರಾವತಿ ಕಾರ್ಖಾನೆ. ಬೇರೆ ಸಂಸ್ಥಾನದ ರಾಜರು ಆಗ ಏನು ಮಾಡುತ್ತಿದ್ದರು ಅಂತ ಒಂದ್ಸಲ ಓದಿ ನೋಡಿ. ಗಾಂಧೀಜಿ ಸುಮ್ನೆ ರಾಜರ್ಷಿ ಅಂದರಾ?

ಗಾಯತ್ರಿಪುರಂ

+1 ಸಕ್ಕರೆನಾಡು ಅಣ್ಣ. ದೇವರಂಥ ಮನುಷ್ಯ.

ಹಳೇಕಡತ

ಸಕ್ಕರೆನಾಡು ಅವರು ಹೇಳಿದ ಒಂದೊಂದೂ ನಿಜ. ಆದರೆ ಚಳವಳಿಗಾರರು ಕೇಳಿದ್ದು ಅಣೆಕಟ್ಟಿನ ವಿಷಯ ಅಲ್ಲ. ಆಳುವವರು ಯಾರಿಗೆ ಉತ್ತರ ಕೊಡಬೇಕು ಅನ್ನುವ ವಿಷಯ.

1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿಸಿದರು. ಮೊದಲ ಸಭೆಗೆ 144 ಜನ. ಇಡೀ ದೇಶದಲ್ಲೇ ಮೊದಲು ಅಂತ ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಅಲ್ಲಿ ಏನಾಗುತ್ತಿತ್ತು? ದಸರಾ ಹೊತ್ತಿಗೆ ಜಮೀನ್ದಾರರು, ವರ್ತಕರು ಮೈಸೂರಿಗೆ ಬರುತ್ತಿದ್ದರು. ದಿವಾನರು ವರ್ಷದ ವರದಿ ಓದುತ್ತಿದ್ದರು. ಸದಸ್ಯರು ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯದ ಕಷ್ಟ ಹೇಳಿಕೊಳ್ಳುತ್ತಿದ್ದರು. ದಿವಾನರು ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿಗೆ ಮುಗೀತು. ಸಭೆ ಬೇಡ ಅಂದರೂ ದಿವಾನರು ಮನೆಗೆ ಹೋಗಬೇಕಾಗಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು, 1923ರಲ್ಲಿ ಎರಡೂ ಸಭೆಗಳ ಅಧಿಕಾರ ಸ್ವಲ್ಪ ಜಾಸ್ತಿ ಆಯಿತು. ಆದರೂ ದಿವಾನರನ್ನು ನೇಮಿಸುವುದು, ತೆಗೆಯುವುದು ಅರಮನೆ ಕೈಯಲ್ಲೇ ಉಳಿಯಿತು.

ಜವಾಬ್ದಾರಿ ಸರ್ಕಾರ ಬೇಕು ಅಂತ ಕೂಗಿದ್ದು ಇದಕ್ಕೇ. ಮಂತ್ರಿಗಳು ಜನ ಆರಿಸಿದ ಸಭೆಗೆ ಉತ್ತರ ಕೊಡಬೇಕು, ಸಭೆ ಬೇಡ ಅಂದರೆ ಇಳಿಯಬೇಕು. ರಾಜರು ಬೇಡ ಅಂತ ಚಳವಳಿ ಹೇಳಲೇ ಇಲ್ಲ. ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ ಕೊಡಿ ಅಂತ ಕೇಳಿದರು. ಅಷ್ಟು ಮೆತ್ತಗಿನ ಬೇಡಿಕೆಗೂ ಲಾಠಿ ಬಿತ್ತು.

ಸೋಮೇಶ್_ಅರಸೀಕೆರೆ

ಇದೆಲ್ಲ ಬ್ರಿಟಿಷರ ವಿರುದ್ಧ ನಡೆದ ಹೋರಾಟ. ರಾಜರನ್ನು ಯಾಕೆ ಮಧ್ಯ ಎಳೀತೀರಿ? ಜಯಚಾಮರಾಜ ಒಡೆಯರ್ 1947ರ ಆಗಸ್ಟ್‌ನಲ್ಲೇ ಭಾರತಕ್ಕೆ ಸೇರಲು ಸಹಿ ಹಾಕಿದ್ದರು. ಆಮೇಲೆ ಚಳವಳಿ ಯಾಕೆ ಬೇಕಿತ್ತು ಹೇಳಿ.

ಹಳೇಕಡತ

@ಸೋಮೇಶ್ ಆಗಸ್ಟ್ 9ಕ್ಕೆ ಸಹಿ ಆಗಿದ್ದು ಹೌದು. ಆ ಪತ್ರದಿಂದ ಭಾರತ ಸರ್ಕಾರಕ್ಕೆ ಹೋಗಿದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರೇ. ಒಳಗಿನ ಆಡಳಿತ ಅರಮನೆಯಲ್ಲೇ ಇತ್ತು. ಅಂದರೆ ಆಗಸ್ಟ್ 15ರಂದು ದಾವಣಗೆರೆ ಪಕ್ಕದ ಹರಿಹರ ದಾಟಿ ಧಾರವಾಡದ ಕಡೆ ಹೋದರೆ ಆಯ್ಕೆಯಾದ ಮಂತ್ರಿಗಳ ಸರ್ಕಾರ, ಈಚೆ ಮೈಸೂರು ಸೀಮೆಯಲ್ಲಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಸರ್ಕಾರ. ಬ್ರಿಟಿಷರು ಹೋದ ಮೇಲೆ ಸೆಪ್ಟೆಂಬರ್ 1ಕ್ಕೆ ಮೈಸೂರು ಚಲೋ ಶುರುವಾಗಿದ್ದು. ಬ್ರಿಟಿಷರೇ ಇಲ್ಲದಿದ್ದಾಗ ಅವರ ವಿರುದ್ಧ ಹೇಗೆ ಆಗುತ್ತದೆ?

ಲಕ್ಷ್ಮೀಪುರಂ_ಲಲಿತ

ಆಗ ಕೂಗುತ್ತಿದ್ದ ಘೋಷಣೆ ನಮ್ಮಜ್ಜಿ ಬಾಯಲ್ಲಿ ಕೇಳಿದ್ದೇನೆ. "ಆರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ." ತಂಬೂಚೆಟ್ಟಿ ಅಂದರೆ ಮಹಾರಾಜರ ಖಾಸಗಿ ಕಾರ್ಯದರ್ಶಿ. ಅಜ್ಜಿ ಆಗ ಹೈಸ್ಕೂಲಿನಲ್ಲಿದ್ದರು. ಹುಡುಗಿಯರೂ ಕ್ಲಾಸ್ ಬಿಟ್ಟು ಹೊರಗೆ ಬಂದಿದ್ದರು ಅಂತ ಹೇಳುತ್ತಿದ್ದರು.

ಮೈಸೂರಿನವರಿಗೆ ಒಂದು ಮಾತು. ರಾಮಸ್ವಾಮಿ ಸರ್ಕಲ್ ಅಂತ ದಿನಾ ಹೇಳುತ್ತೇವೆ. ಬಸ್ಸಿನಲ್ಲಿ ಟಿಕೆಟ್ ತಗೋತೇವೆ, ಆಟೋದವರಿಗೆ ಗುರುತು ಹೇಳುತ್ತೇವೆ. ಯಾರು ಆ ರಾಮಸ್ವಾಮಿ? ಮೈಸೂರು ಚಲೋ ಹೊತ್ತಿನಲ್ಲಿ ಅದೇ ಜಾಗದಲ್ಲಿ ಗುಂಡು ತಗುಲಿ ಸತ್ತ ವಿದ್ಯಾರ್ಥಿ. ಆಗ ಅದನ್ನು ಐದು ದೀಪದ ಸರ್ಕಲ್ ಅನ್ನುತ್ತಿದ್ದರು. ಸ್ವಾತಂತ್ರ್ಯ ಬಂದು ಒಂದು ತಿಂಗಳಾಗುವ ಹೊತ್ತಿಗೆ, ಸ್ವತಂತ್ರ ಭಾರತದಲ್ಲಿ, ಮಹಾರಾಜರ ಸರ್ಕಾರದ ಗುಂಡಿಗೆ ಒಬ್ಬ ಹುಡುಗ ಸತ್ತ. ಇದನ್ನು ಹೇಳಿದರೆ ಉಂಡ ಮನೆಗೆ ಎರಡು ಬಗೆದ ಹಾಗೆ ಅಂದರೆ ಆ ಹುಡುಗನಿಗೆ ನಾವು ಏನು ಬಗೆದ ಹಾಗೆ?

ನಂಜುಮಳಿಗೆ

ಲಲಿತ ಮೇಡಂ, ಮೂವತ್ತು ವರ್ಷದಿಂದ ಇಲ್ಲೇ ಇದ್ದೇನೆ. ಹೆಸರಿನ ಹಿಂದೆ ಇದಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್.

ಗಾಯತ್ರಿಪುರಂ

ಗುಂಡು ಹಾರಿಸಿ ಅಂತ ಮಹಾರಾಜರು ಹೇಳಿದ್ದರಾ? ಅದೆಲ್ಲ ದಿವಾನರ ಕೆಲಸ. ಮಹಾರಾಜರಿಗೆ ಆಗ ಇಪ್ಪತ್ತೆಂಟು ವರ್ಷ. ಸುತ್ತ ಇದ್ದವರು ದಾರಿ ತಪ್ಪಿಸಿದರು. ಜನ ಕೇಳಿದ್ದನ್ನು ಕೊನೆಗೆ ಕೊಟ್ಟರಲ್ಲ.

ತುಂಗಾತೀರ

ಇದೇ ಮಾತಿಗೆ ಕಾಯುತ್ತಿದ್ದೆ.

ಅಣೆಕಟ್ಟು ಕಟ್ಟಿದ್ದು ಯಾರು? ಮಹಾರಾಜರು. ಯೂನಿವರ್ಸಿಟಿ ಕಟ್ಟಿದ್ದು? ಮಹಾರಾಜರು. ಗೋಲಿಬಾರ್ ಮಾಡಿಸಿದ್ದು? ದಿವಾನರು. ಒಳ್ಳೆಯದೆಲ್ಲ ಅರಮನೆ ಖಾತೆಗೆ, ಕೆಟ್ಟದ್ದೆಲ್ಲ ದಿವಾನರ ಖಾತೆಗೆ. ಹೀಗೆ ಬರೆದ ಲೆಕ್ಕವನ್ನು ಯಾವ ಶಾನುಭೋಗನೂ ಒಪ್ಪಲ್ಲ. ಅಣೆಕಟ್ಟಿನಲ್ಲೂ ವಿಶ್ವೇಶ್ವರಯ್ಯ ಇದ್ದರು, ಎಂಜಿನಿಯರುಗಳಿದ್ದರು, ಕಲ್ಲು ಹೊತ್ತ ಸಾವಿರಾರು ಕೂಲಿಗಳಿದ್ದರು. ಕೀರ್ತಿ ರಾಜರಿಗೆ ಹೋಗುವುದಾದರೆ ಹೊಣೆಯೂ ಅವರಿಗೇ ಹೋಗಬೇಕು.

ನಾನು ಶಿಕಾರಿಪುರದ ಕಡೆಯವನು. ಈಸೂರು ನಮ್ಮೂರಿಂದ ದೂರವಿಲ್ಲ. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ ಎಲ್ಲರಿಗೂ ಬಾಯಿಪಾಠ. 1942ರಲ್ಲಿ ಆ ಊರಿನವರು ಕಂದಾಯ ಕೊಡಲ್ಲ ಅಂದರು, ವೀರಭದ್ರನ ಗುಡಿ ಮೇಲೆ ಬಾವುಟ ಹಾರಿಸಿದರು, ನಮ್ಮೂರಿಗೆ ನಮ್ಮದೇ ಸರ್ಕಾರ ಅಂದರು. ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಪೊಲೀಸ್ ಅಧಿಕಾರಿ ಅಂತ ನೇಮಿಸಿದರು. ಆಮೇಲೆ ಅಧಿಕಾರಿಗಳು ಬಂದಾಗ ಗಲಾಟೆ ಆಗಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಸತ್ತರು. ಅದನ್ನು ಯಾರೂ ಸರಿ ಅನ್ನಲ್ಲ. ಆದರೆ ಅದಕ್ಕೆ ಇಡೀ ಊರಿನ ಮೇಲೆ ಬಿದ್ದರು. ಮನೆಗಳು ಲೂಟಿ ಆದವು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ನೇಣಿಗೆ ಹಾಕಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ.

ಸರ್ಕಾರಿ ಸಮಾರಂಭಗಳಲ್ಲಿ ಬ್ರಿಟಿಷರು ಗಲ್ಲಿಗೇರಿಸಿದರು ಅಂತಲೇ ಭಾಷಣ ಮಾಡುತ್ತಾರೆ. ಅದು ಮೈಸೂರು ಸಂಸ್ಥಾನದ ಕೋರ್ಟು, ಮೈಸೂರು ಸಂಸ್ಥಾನದ ಪೊಲೀಸು. ವೇದಿಕೆ ಮೇಲೆ ಇದನ್ನು ಒಬ್ಬರಾದರೂ ಹೇಳಿದ್ದು ನಾನು ಕೇಳಿಲ್ಲ.

ಸೋಮೇಶ್_ಅರಸೀಕೆರೆ

ಬ್ರಿಟಿಷರ ಪ್ರತಿನಿಧಿ ರೆಸಿಡೆಂಟ್ ಒಪ್ಪದೆ ಆ ಕಾಲದಲ್ಲಿ ರಾಜರು ಏನು ಮಾಡಲು ಸಾಧ್ಯವಿತ್ತು? ಮೇಲೆ ಬ್ರಿಟಿಷರ ಕತ್ತಿ ತೂಗುತ್ತಿತ್ತು. 1831ರಲ್ಲಿ ರಾಜ್ಯವನ್ನೇ ಕಿತ್ತುಕೊಂಡಿರಲಿಲ್ಲವಾ? ಮತ್ತೆ ವಾಪಸ್ ಸಿಕ್ಕಿದ್ದು 1881ಕ್ಕೆ. ಆ ಭಯ ಇದ್ದೇ ಇರುತ್ತದೆ.

ತುಂಗಾತೀರ

1831ರಲ್ಲಿ ಯಾಕೆ ಕಿತ್ತುಕೊಂಡರು ಅನ್ನುವುದನ್ನೂ ಹೇಳಿ ಸ್ವಾಮಿ. ನೆಪ ಸಿಕ್ಕಿದ್ದು ನಗರ ಸೀಮೆಯ (ಹಳೇ ಬಿದನೂರಿನ) ದಂಗೆಯಿಂದ, ನಮ್ಮ ಮಲೆನಾಡಿನಿಂದ. ಮುಮ್ಮಡಿಯವರ ಕಾಲದಲ್ಲಿ ಶರತ್ತು ಪದ್ಧತಿ ಇತ್ತು. ಇಷ್ಟು ಕಂದಾಯ ಎತ್ತಿ ಕೊಡ್ತೀನಿ ಅಂತ ಅಮಲ್ದಾರ ಮೊದಲೇ ಬರೆದುಕೊಡಬೇಕು. ಒಪ್ಪಿಕೊಂಡ ಮೇಲೆ ಅವನು ರೈತನನ್ನು ಹಿಂಡದೆ ಬಿಡುತ್ತಾನಾ? ರೈತರು ಕೂಟ ಕಟ್ಟಿದರು. ಅಹವಾಲು ಕೊಟ್ಟರು. ಕೇಳುವವರಿಲ್ಲದಾಗ ದಂಗೆ ಎದ್ದರು. ಕಾಂಗ್ರೆಸ್ ಹುಟ್ಟುವುದಕ್ಕೂ ಐವತ್ತು ವರ್ಷ ಮೊದಲು ನಮ್ಮ ರೈತರು ಅರಮನೆಗೆ ಲೆಕ್ಕ ಕೇಳಿದ್ದರು. ಆಗಿನ ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಅದನ್ನು ತನ್ನ ಲಾಭಕ್ಕೆ ಬಳಸಿಕೊಂಡ, ಅದು ಬೇರೆ ಮಾತು.

ಉತ್ತರಪಿನಾಕಿನಿ

ಗೌರಿಬಿದನೂರು ತಾಲ್ಲೂಕಿನವಳು ನಾನು. ವಿದುರಾಶ್ವತ್ಥ ಬಿಟ್ಟು ಈ ಚರ್ಚೆ ಮಾಡುತ್ತಿದ್ದೀರಲ್ಲ!

1938ರ ಏಪ್ರಿಲ್ 25. ಅದಕ್ಕೆ ಎರಡು ವಾರ ಮೊದಲು ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ಕಾಂಗ್ರೆಸ್ ಬಾವುಟ ಹಾರಿಸಿದ್ದರು. ಆ ಹುರುಪು ನಮ್ಮ ಕಡೆಗೂ ಬಂತು. ಜಾತ್ರೆ ಸಮಯ. ಅಶ್ವತ್ಥ ಮರದ ಹತ್ತಿರ ಜನ ಸೇರಿದ್ದರು. ಸಭೆ ಮಾಡಬಾರದು ಅಂತ ಆಜ್ಞೆ ಇತ್ತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಅಂತ ನಮ್ಮೂರವರ ಲೆಕ್ಕ. ಸರ್ಕಾರ ಒಪ್ಪಿಕೊಂಡ ಲೆಕ್ಕ ಅದಕ್ಕಿಂತ ಬಹಳ ಕಮ್ಮಿ. ವೇಪಾ ರಾಮೇಶಂ ಸಮಿತಿ ವಿಚಾರಣೆ ಮಾಡಿತು, ಆದರೆ ಎರಡು ಲೆಕ್ಕ ತಾಳೆ ಆಗಲೇ ಇಲ್ಲ.

ಆಗ ಸಿಂಹಾಸನದಲ್ಲಿ ಇದ್ದವರು ಯಾರು? ಮೇಲೆ ಎಲ್ಲರೂ ಹೊಗಳುತ್ತಿರುವ ನಾಲ್ವಡಿಯವರೇ. ದಿವಾನರು ಮಿರ್ಜಾ ಇಸ್ಮಾಯಿಲ್. ಆಮೇಲೆ ಸರ್ದಾರ್ ಪಟೇಲರು ಬಂದು ಮಾತುಕತೆ ಆಗಿ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು. ಒಂದು ಬಾವುಟಕ್ಕೆ ಅಷ್ಟು ಜೀವ ಹೋಯಿತು. ನಾಲ್ವಡಿಯವರು ದೊಡ್ಡವರು ಅನ್ನುವುದನ್ನೂ ಇದನ್ನೂ ಒಟ್ಟಿಗೆ ಹೇಳುವಷ್ಟು ಧೈರ್ಯ ನಮಗೆ ಇರಬೇಕು. ನಮ್ಮ ಊರಿನ ಹಿರಿಯರು ಎರಡನ್ನೂ ಹೇಳುತ್ತಿದ್ದರು.

ಸಕ್ಕರೆನಾಡು_71

ವಿದುರಾಶ್ವತ್ಥದ ವಿಷಯದಲ್ಲಿ ನಾನು ವಾದ ಮಾಡಲ್ಲ ತಾಯಿ. ಅದು ಘೋರ.

ಬೂದನೂರು_ಬಸವ

ಸಕ್ಕರೆನಾಡು ಅಣ್ಣ, ನಾನೂ ಮಂಡ್ಯದವನೇ. ನಾಲೆ ಬಗ್ಗೆ ಒಂದು ವಿಷಯ ಬಿಟ್ಟಿರಿ. ಇವತ್ತು ವಿಶ್ವೇಶ್ವರಯ್ಯ ನಾಲೆ ಅನ್ನುವುದು ಆಗ ಇರ್ವಿನ್ ನಾಲೆ. ನೀರು ಬಂದ ಕಾಲಕ್ಕೇ ಕರದ ಹೊರೆಯೂ ಬಂತು. 1930ರ ದಶಕದ ಶುರುವಿನಲ್ಲೇ ಮಂಡ್ಯದ ರೈತರು ಅದರ ವಿರುದ್ಧ ಚಳವಳಿ ಮಾಡಿದರು. ಅಂದರೆ ಪಟ ಇಟ್ಟು ಪೂಜೆ ಮಾಡಿದವರೇ ಕರ ಇಳಿಸಿ ಅಂತ ಜಗಳಕ್ಕೂ ನಿಂತಿದ್ದರು. ಎರಡೂ ನಮ್ಮವರೇ.

ಮತ್ತೆ ಮುಳುಗಿದ ಊರುಗಳು? ಕನ್ನಂಬಾಡಿ ಅನ್ನುವುದು ಒಂದು ಊರಿನ ಹೆಸರು. ಆ ಊರೇ ನೀರಿನ ಅಡಿಗೆ ಹೋಯಿತು. ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಈಚೆಗೆ ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ದೇವರಿಗೆ ಮರುವಸತಿ ಸಿಕ್ಕಿತು. ಊರು ಬಿಟ್ಟವರ ಮೊಮ್ಮಕ್ಕಳನ್ನು ಯಾರು ಮಾತಾಡಿಸಿದ್ದಾರೆ?

ಹೊಲೆಯೂರು_ಹಾದಿ

ಎಲ್ಲರೂ ಒಂದೇ ಕಡೆ ನಿಂತು ಮಾತಾಡುತ್ತಿದ್ದೀರಿ. ನಮ್ಮಂಥವರ ಕಡೆಯಿಂದಲೂ ನೋಡಿ.

ಆಗ ಸರ್ಕಾರಿ ಕೆಲಸದಲ್ಲಿ ಯಾರಿದ್ದರು? ಕಚೇರಿ ತುಂಬ ಒಂದೇ ಜಾತಿಯವರು. 1917ರಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅವರು ನೇರವಾಗಿ ನಾಲ್ವಡಿಯವರ ಹತ್ತಿರ ಹೋಗಿ ನಮಗೂ ಪಾಲು ಬೇಕು ಅಂದರು. ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅದರಿಂದ ಬಂದ ಮೀಸಲಾತಿ ನಮ್ಮ ಜನಕ್ಕೆ ಮೊದಲ ಬಾಗಿಲು ತೆರೆಯಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಹಿಡಿಸಲಿಲ್ಲ, ಅದೇ ವರ್ಷ ಹುದ್ದೆ ಬಿಟ್ಟರು. ಅರಮನೆ ಅವತ್ತು ಜನರ ಕಡೆ ನಿಂತಿತ್ತು. ಆಗ ಕಾಂಗ್ರೆಸ್ಸಿನಲ್ಲಿದ್ದವರು ಬಹುಪಾಲು ಪಟ್ಟಣದ ಮೇಲ್ಜಾತಿಯ ವಕೀಲರು. ಅವರು ಜವಾಬ್ದಾರಿ ಸರ್ಕಾರ ಅಂದಾಗ ನಮ್ಮ ಹಿರಿಯರು ಅನುಮಾನದಿಂದ ನೋಡಿದ್ದರಲ್ಲಿ ತಪ್ಪೇನಿದೆ? ರಾಜರನ್ನು ಟೀಕೆ ಮಾಡಿ, ಬೇಡ ಅನ್ನಲ್ಲ. ಆದರೆ ಯಾರು ಟೀಕೆ ಮಾಡುತ್ತಿದ್ದಾರೆ, ಯಾಕೆ ಅನ್ನುವುದೂ ಮುಖ್ಯ.

ಹಳೇಕಡತ

ಇಡೀ ಚರ್ಚೆಯಲ್ಲಿ ಇದು ತೂಕದ ಮಾತು. ಇದಕ್ಕೆ ಒಂದು ಸೇರಿಸುತ್ತೇನೆ. ಮಿಲ್ಲರ್ ಸಮಿತಿ ತಾನಾಗಿ ಬರಲಿಲ್ಲ, ಕೇಳಿದ್ದಕ್ಕೆ ಬಂತು. ಪ್ರಜಾಮಿತ್ರ ಮಂಡಳಿ ಮಾಡಿದ್ದೂ ಅರಮನೆಯಿಂದ ಉತ್ತರ ಕೇಳುವ ಕೆಲಸವೇ. ಮತ್ತೆ ಅದೇ ಹಳ್ಳಿಗಾಡಿನ ಬ್ರಾಹ್ಮಣೇತರ ನಾಯಕರು 1937ರಲ್ಲಿ ಕಾಂಗ್ರೆಸ್ಸಿಗೆ ಬಂದು ಸೇರಿದರು. ಮುಂದೆ ಮೊದಲ ಮುಖ್ಯಮಂತ್ರಿ ಆದ ಕೆ.ಸಿ. ರೆಡ್ಡಿ ಬಂದಿದ್ದು ಆ ದಾರಿಯಿಂದಲೇ. ಮರುವರ್ಷ ಶಿವಪುರದಲ್ಲಿ ಅಷ್ಟು ಜನ ಸೇರಿದ್ದು ಸುಮ್ನೆ ಅಲ್ಲ. ಅಲ್ಲಿಯವರೆಗೆ ಪಟ್ಟಣದ್ದಾಗಿದ್ದ ಚಳವಳಿ ಹಳ್ಳಿಗೆ ಬಂದಿತ್ತು.

ಹೊಲೆಯೂರು_ಹಾದಿ

ಅವರು ಬಂದ ಮೇಲೂ ನಮ್ಮವರಿಗೆ ಎಷ್ಟು ಕುರ್ಚಿ ಸಿಕ್ಕಿತು ಅನ್ನುವುದು ಬೇರೆ ಚರ್ಚೆ. ಆದರೆ ಕೇಳಿದ್ದಕ್ಕೆ ಬಂತು ಅನ್ನುವುದನ್ನು ಒಪ್ಪುತ್ತೇನೆ.

ರಾಗಮಾಲಿಕೆ

ಜಯಚಾಮರಾಜರ ಕೃತಿಗಳನ್ನು ಕೇಳಿದ್ದೀರಾ ಯಾರಾದರೂ? ಶ್ರೀವಿದ್ಯೆ ಬಗ್ಗೆ ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದ್ದಾರೆ. ರಷ್ಯಾದ ಮೆಡ್ನರ್ ಅನ್ನುವ ಸಂಗೀತಗಾರರ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟು ಕಾಪಾಡಿದ್ದು ನಮ್ಮ ಮಹಾರಾಜರು. ಇಂಥ ಸೂಕ್ಷ್ಮ ಮನಸ್ಸಿನವರನ್ನು ಕಟಕಟೆಗೆ ನಿಲ್ಲಿಸಬೇಡಿ ದಯವಿಟ್ಟು.

ತುಂಗಾತೀರ

ಆ ದುಡ್ಡು ಯಾರದು ಅಂತ ಕೇಳುವುದೇ ಈ ಚರ್ಚೆ. ಸಂಗೀತದ ಮೇಲೆ ನನಗೂ ಪ್ರೀತಿ ಇದೆ.

ನಿರ್ವಾಹಕರು

ಸಂಗೀತಕ್ಕೆ ಬೇರೆ ವಿಭಾಗ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ವಿಷಯಕ್ಕೆ ಬನ್ನಿ. ಜಾತಿ ಹೆಸರು ಹಿಡಿದು ಬೈದಿದ್ದ ಎರಡು ಉತ್ತರ ತೆಗೆದಿದ್ದೇವೆ.

ಬಿಸಿಲನಾಡಿನ_ಮಗ

ನೀವೆಲ್ಲ ಹಳೇ ಮೈಸೂರಿನವರು ಪುಣ್ಯವಂತರು ನೋಡ್ರಿ. ನಿಮ್ಮ ರಾಜರು ಒಳ್ಳೆಯವರಾ, ಎಷ್ಟು ಒಳ್ಳೆಯವರು ಅಂತ ಚರ್ಚೆ ಮಾಡುತ್ತೀರಿ. ನಾವು ಕಲಬುರಗಿ ಕಡೆಯವರು. ನಮಗೆ ನಿಜಾಮ. ಜಗತ್ತಿನ ಅತಿ ದೊಡ್ಡ ಶ್ರೀಮಂತ ಅಂತ ಹೆಸರು. ಸರ್ಫ್-ಎ-ಖಾಸ್ ಅಂತ ನಿಜಾಮನ ಸ್ವಂತ ಖರ್ಚಿಗೇ ಬಿಟ್ಟ ಜಮೀನು ಇತ್ತು. ಊರಿಗೆ ಊರೇ ಅವನ ಖಾಸಗಿ ಆಸ್ತಿ. ಕನ್ನಡ ಸಾಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಪ್ರಶ್ನೆ ಕೇಳಿದವರ ಮನೆಗೆ ನಿಜಾಮನ ಪರವಾದ ಖಾಸಗಿ ಪಡೆ ರಜಾಕಾರರು ಬರುತ್ತಿದ್ದರು. ನಮಗೆ ಸ್ವಾತಂತ್ರ್ಯ ಬಂದಿದ್ದು 1948ರ ಸೆಪ್ಟೆಂಬರ್ 17ಕ್ಕೆ.

ಹಂಗಂತ ನಿಮ್ಮ ಪ್ರಶ್ನೆ ಸಣ್ಣದು ಅಂತ ಹೇಳಲ್ಲ. ಪ್ರಜಾಪ್ರತಿನಿಧಿ ಸಭೆ, ಪತ್ರಿಕೆ, ಕಾಲೇಜು ಎಲ್ಲ ಇದ್ದ ಕಡೆಯೇ ಪ್ರಶ್ನೆ ಕೇಳಲಿಕ್ಕೆ ಸಾಧ್ಯ ಆಯಿತು. ನಮಗೆ ಆ ಅವಕಾಶನೂ ಇರಲಿಲ್ಲರಿ.

ಮಲಪ್ರಭೆ

ಸಣ್ಣ ಸಂಸ್ಥಾನಗಳನ್ನು ಯಾರೂ ನೆನೆಸಿಕೊಳ್ಳಲ್ಲ. ಜಮಖಂಡಿ, ಮುಧೋಳ, ಸವಣೂರು, ಸಂಡೂರು, ರಾಮದುರ್ಗ. 1939ರ ಏಪ್ರಿಲ್‌ನಲ್ಲಿ ರಾಮದುರ್ಗದಲ್ಲಿ ಪ್ರಜಾಸಂಘದ ಚಳವಳಿ ಕೈ ಮೀರಿ ಹೋಯಿತು. ನಾಯಕರನ್ನು ಹಿಡಿದರು, ಜನ ರೊಚ್ಚಿಗೆದ್ದರು, ಪೊಲೀಸರೇ ಸತ್ತರು. ಆಮೇಲೆ ನೇಣು, ಜೈಲು. ರಾಜ ಸಣ್ಣವನಾದಷ್ಟೂ ಜನರ ಮೇಲೆ ಅವನ ಕೈ ಹತ್ತಿರ ಇರುತ್ತಿತ್ತು ಅನ್ನುತ್ತಿದ್ದರು ನಮ್ಮ ಕಾಕಾ.

ಥೇಮ್ಸ್_ಕನ್ನಡಿಗ

ಹದಿನೈದು ವರ್ಷದಿಂದ ಲಂಡನ್ ಪಕ್ಕ ಇದ್ದೇನೆ. ಇಲ್ಲಿ ರಾಜಮನೆತನ ಇನ್ನೂ ಇದೆ, ಪ್ರಶ್ನೆಯೂ ಜೋರಾಗಿ ಇದೆ. ಅರಮನೆಗೆ ಸರ್ಕಾರದಿಂದ ಬರುವ ದುಡ್ಡಿನ ಲೆಕ್ಕ ಪ್ರತಿ ವರ್ಷ ಪುಸ್ತಕ ಮಾಡಿ ಹೊರಗೆ ಹಾಕುತ್ತಾರೆ. ಹೆಲಿಕಾಪ್ಟರ್‌ನಲ್ಲಿ ಎಲ್ಲಿಗೆ ಹೋದರು, ಎಷ್ಟಾಯಿತು ಅಂತ ಪತ್ರಿಕೆಯವರು ಮರುದಿನವೇ ಬರೆಯುತ್ತಾರೆ.

ಆದರೆ ಮುಚ್ಚಿಟ್ಟದ್ದೂ ಬಹಳ ಇದೆ. ರಾಜ ಮತ್ತು ಉತ್ತರಾಧಿಕಾರಿ ಜೊತೆಗಿನ ಪತ್ರ ವ್ಯವಹಾರಕ್ಕೆ ಇಲ್ಲಿನ ಮಾಹಿತಿ ಹಕ್ಕು ಕಾಯಿದೆ ಅನ್ವಯಿಸುವುದಿಲ್ಲ. ಚಾರ್ಲ್ಸ್ ಇನ್ನೂ ಯುವರಾಜ ಆಗಿದ್ದಾಗ ಮಂತ್ರಿಗಳಿಗೆ ಬರೆದ ಪತ್ರಗಳನ್ನು ಬಯಲಿಗೆ ತರಲು ಒಂದು ಪತ್ರಿಕೆ ಹತ್ತು ವರ್ಷ ಕೋರ್ಟು ಅಲೆಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಕೊಡಿ ಅಂದಿತು. ಅಷ್ಟರಲ್ಲಿ ಕಾಯಿದೆಯನ್ನೇ ಬಿಗಿ ಮಾಡಿದ್ದರು. ರಾಣಿ ಎಲಿಜಬೆತ್ ಗಂಡ ಫಿಲಿಪ್ ಅವರ ಉಯಿಲನ್ನು 90 ವರ್ಷ ತೆರೆಯಬಾರದು ಅಂತ 2021ರಲ್ಲಿ ಕೋರ್ಟ್ ಆದೇಶ ಆಯಿತು. 2023ರ ಮೇ 6ಕ್ಕೆ ಪಟ್ಟಾಭಿಷೇಕದ ದಿನ, ಇವನು ನನ್ನ ರಾಜ ಅಲ್ಲ ಅಂತ ಫಲಕ ಹಿಡಿಯಲು ಹೊರಟವರನ್ನು ಬೆಳಿಗ್ಗೆಯೇ ಪೊಲೀಸರು ಎತ್ತಿಕೊಂಡು ಹೋದರು. ಆಮೇಲೆ ಪೊಲೀಸರೇ ವಿಷಾದ ಹೇಳಿದರು. ಇನ್ನು ರಾಜ ಚಾರ್ಲ್ಸ್ ತಮ್ಮ ಆಂಡ್ರ್ಯೂ ವಿಷಯ. ವರ್ಷಗಟ್ಟಲೆ ಜನ ಕೇಳಿ ಕೇಳಿ 2025ರ ಅಕ್ಟೋಬರ್‌ನಲ್ಲಿ ರಾಜಕುಮಾರ ಅನ್ನುವ ಪಟ್ಟವೇ ಹೋಯಿತು. ಅರಮನೆ ತಾನಾಗಿ ಕೊಡಲ್ಲ, ಜನ ಕೇಳುತ್ತಲೇ ಇರಬೇಕು. ಇಲ್ಲಿ ಇಷ್ಟು ವರ್ಷ ಇದ್ದು ನಾನು ನೋಡಿದ್ದು ಇದೇ.

ಗಾಯತ್ರಿಪುರಂ

ಅವರಿಗೂ ನಮಗೂ ಹೋಲಿಕೆ ಬೇಡ. ಅವರು ನಮ್ಮನ್ನು ದೋಚಿದವರು. ನಮ್ಮ ಒಡೆಯರು ನಮ್ಮವರು.

ಥೇಮ್ಸ್_ಕನ್ನಡಿಗ

ನಮ್ಮವರು ಅನ್ನುವ ಕಾರಣಕ್ಕೇ ಕೇಳುವ ಹಕ್ಕು ಜಾಸ್ತಿ ಅಲ್ವಾ ಅಕ್ಕ? ಥಾಯ್ಲೆಂಡಿನಲ್ಲಿ ರಾಜರ ಬಗ್ಗೆ ಒಂದು ಮಾತು ತಪ್ಪಿ ಆಡಿದರೆ 3ರಿಂದ 15 ವರ್ಷ ಜೈಲು. 2020ರಲ್ಲಿ ಅಲ್ಲಿನ ಹುಡುಗ ಹುಡುಗಿಯರು ವೇದಿಕೆ ಮೇಲೆ ನಿಂತು ಅರಮನೆ ಸುಧಾರಣೆಗೆ ಹತ್ತು ಬೇಡಿಕೆ ಓದಿದರು. ಅವರಲ್ಲಿ ಕೆಲವರು ಆಮೇಲೆ ಜೈಲು ಸೇರಿದರು. ಅವರಿಗೂ ಅದು ಅವರದೇ ರಾಜಮನೆತನ.

ಮೇಖ್ರಿ_ಸಿಗ್ನಲ್

ಹಳೇ ಕಥೆ ಸಾಕು, ಇವತ್ತಿನದು ಮಾತಾಡೋಣ. ಬೆಂಗಳೂರು ಅರಮನೆ ಮೈದಾನ, 472 ಎಕರೆ 16 ಗುಂಟೆ. 1996ರಲ್ಲಿ ವಿಧಾನಸಭೆ ಕಾಯಿದೆ ಮಾಡಿ 11 ಕೋಟಿ ಪರಿಹಾರಕ್ಕೆ ಸ್ವಾಧೀನ ಮಾಡಿಕೊಂಡಿತು. ಇನ್ನೂ ಕೋರ್ಟಿನಲ್ಲಿದೆ. ಈಗ ರಸ್ತೆ ಅಗಲ ಮಾಡಲು ಅದರಲ್ಲಿ ಸುಮಾರು 16 ಎಕರೆ ಬೇಕು ಅಂದರೆ ಮೂರು ಸಾವಿರ ಕೋಟಿ ಮೀರಿದ ಟಿಡಿಆರ್ (ಜಾಗದ ಬದಲು ಬೇರೆ ಕಡೆ ಕಟ್ಟಡ ಕಟ್ಟುವ ಹಕ್ಕು) ಕೊಡಬೇಕಂತೆ. ಜಯಮಹಲ್ ರಸ್ತೆಯಲ್ಲಿ ದಿನಾ ಒಂದು ಗಂಟೆ ನಿಂತು ಹೊಗೆ ಕುಡಿಯುವವನು ನಾನು. ನನಗೆ ಹೊಟ್ಟೆ ಉರಿಯುತ್ತದೆ.

ಕರಿಕೋಟು

ವಕೀಲನಾಗಿ ಹೇಳುತ್ತೇನೆ. ಈಗಿರುವವರು ರಾಜರಲ್ಲ. 1971ರಲ್ಲಿ 26ನೇ ತಿದ್ದುಪಡಿ ಬಂದು ರಾಜಧನ, ಪದವಿ ಎರಡೂ ಹೋದವು. ಮೈಸೂರಿಗೆ ವರ್ಷಕ್ಕೆ 26 ಲಕ್ಷ ಬರುತ್ತಿತ್ತು, ನಿಂತಿತು. ಈಗ ಅವರು ನಿಮ್ಮ ನಮ್ಮ ಹಾಗೆ ನಾಗರಿಕರು. ನಾಗರಿಕನ ಆಸ್ತಿ ತಗೊಂಡರೆ ಕಾನೂನು ಪ್ರಕಾರ ಪರಿಹಾರ ಕೊಡಬೇಕು. ರಾಜವಂಶ ಅಂತ ಜಾಸ್ತಿ ಕೊಡಬಾರದು, ರಾಜವಂಶ ಅಂತ ಕಮ್ಮಿಯೂ ಕೊಡಬಾರದು. ಸಿಟ್ಟು ಬೇರೆ, ಕಾನೂನು ಬೇರೆ.

ಹಳೇಕಡತ

ಕರಿಕೋಟು ಸರ್, ಮಾತು ಸರಿ. ಆದರೆ ಆಸ್ತಿ ಮೊದಲು ಖಾಸಗಿ ಆಗಿದ್ದು ಹೇಗೆ ಅನ್ನುವ ಪ್ರಶ್ನೆ ಉಳಿಯುತ್ತದೆ. ಬೆಂಗಳೂರು ಅರಮನೆಯನ್ನು 1873ರಲ್ಲಿ ಗ್ಯಾರೆಟ್ ಅನ್ನುವ ಪಾದ್ರಿಯಿಂದ ಕೊಂಡರು. ಆಗ ಚಾಮರಾಜೇಂದ್ರ ಒಡೆಯರ್ ಹತ್ತು ವರ್ಷದ ಹುಡುಗ, ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಅರಮನೆಗೆ ಬರುತ್ತಿದ್ದ ಪಾಲು ರಾಜ್ಯದ ಕಂದಾಯದಿಂದಲೇ ಬರುತ್ತಿತ್ತು. ಆ ದುಡ್ಡಿನಿಂದ ಕೊಂಡದ್ದು ಮನೆತನದ್ದಾ, ರಾಜ್ಯದ್ದಾ? ಸಂಸ್ಥಾನ ವಿಲೀನ ಆಗುವಾಗ ಖಾಸಗಿ ಆಸ್ತಿ ಪಟ್ಟಿ ಮಾಡಿದರು. ಆ ಪಟ್ಟಿ ಮಾಡುವಾಗ ರೈತನನ್ನು ಯಾರೂ ಕರೆದು ಕೇಳಲಿಲ್ಲ.

ಕರಿಕೋಟು

ನ್ಯಾಯಾಲಯ ಆ ಪಟ್ಟಿಯನ್ನೇ ನೋಡುತ್ತದೆ. ಎರಡು ಸರ್ಕಾರಗಳು ಒಪ್ಪಿ ಸಹಿ ಮಾಡಿದ ಪಟ್ಟಿ. 75 ವರ್ಷ ಆದ ಮೇಲೆ ಕಂದಾಯದ ಮೂಲ ಕೆದಕಿದರೆ ಮಠಗಳು, ಇನಾಮುಗಳು ಯಾವುದೂ ಉಳಿಯಲ್ಲ.

ತುಂಗಾತೀರ

ಉಳಿಯಬೇಕು ಅಂತ ಯಾರು ಹೇಳಿದರು? ನಮ್ಮ ಕಡೆ ಗೇಣಿದಾರರು ಅದನ್ನೇ ಕೇಳಿದ್ದು, ಪಡೆದೂ ತೋರಿಸಿದರು.

ಸಕ್ಕರೆನಾಡು_71

ನನಗೆ ಒಂದು ಬೇಸರ ಇದೆ, ಹೇಳಿಬಿಡುತ್ತೇನೆ. ಒಡೆಯರ ಲೆಕ್ಕ ಕೇಳುವವರು ಈಗಿನವರ ಲೆಕ್ಕ ಯಾಕೆ ಕೇಳಲ್ಲ? ಒಂದು ಸಲ ಗೆದ್ದ ಶಾಸಕ ಐದು ವರ್ಷದಲ್ಲಿ ಎಷ್ಟು ಮಾಡಿಕೊಳ್ಳುತ್ತಾನೆ? ಅಪ್ಪ ಆದ ಮೇಲೆ ಮಗ, ಮಗ ಆದ ಮೇಲೆ ಸೊಸೆ. ಇದು ರಾಜಮನೆತನ ಅಲ್ಲವಾ? ನಮ್ಮ ಜನ ಅರಸರನ್ನು ನೆನೆಸಿಕೊಂಡು ಕಣ್ಣೀರು ಹಾಕುವುದು ಈಗಿನವರ ಮೇಲಿನ ಸಿಟ್ಟಿಗೆ. ಅದನ್ನು ಗುಲಾಮಗಿರಿ ಅಂದರೆ ನೋವಾಗುತ್ತದೆ.

ಉತ್ತರಪಿನಾಕಿನಿ

ಅಣ್ಣ, ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಈಗಿನ ಶಾಸಕನನ್ನು ಐದು ವರ್ಷಕ್ಕೊಮ್ಮೆ ಇಳಿಸುವ ಅಧಿಕಾರ ನಿಮ್ಮ ಬೆರಳಿನಲ್ಲಿ ಇದೆ. ಅದನ್ನು ತಂದುಕೊಟ್ಟವರು ವಿದುರಾಶ್ವತ್ಥದಲ್ಲಿ ಸತ್ತವರು, ಐದು ದೀಪದ ಸರ್ಕಲ್‌ನಲ್ಲಿ ಸತ್ತವನು. ಅರಮನೆ ಮನೆತನದವರೇ ಈಗ ವೋಟು ಕೇಳಿಕೊಂಡು ಬರುತ್ತಾರೆ. 2024ರಲ್ಲಿ ಗೆದ್ದು ಸಂಸದರೂ ಆದರು. ಬರಲಿ, ತಪ್ಪಿಲ್ಲ. ಮನೆ ಬಾಗಿಲಿಗೆ ಬಂದು ಕೇಳಬೇಕಾಯಿತಲ್ಲ, ಚಳವಳಿ ಬಯಸಿದ್ದು ಅದನ್ನೇ.

ಲಕ್ಷ್ಮೀಪುರಂ_ಲಲಿತ

ಗಾಯತ್ರಿಪುರಂ ಅವರು ಮೇಲೆ "ಕೊನೆಗೆ ಕೊಟ್ಟರಲ್ಲ" ಅಂದಿದ್ದರು. ಆರು ವಾರ ಆಯಿತು ಕೊಡಲು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 12ರವರೆಗೆ. ನಾಯಕರೆಲ್ಲ ಜೈಲಿನಲ್ಲಿ. ಎಚ್.ಎಸ್. ದೊರೆಸ್ವಾಮಿಯವರು ಪೌರವಾಣಿ ಪತ್ರಿಕೆಯನ್ನು ಸಂಸ್ಥಾನದ ಗಡಿ ಆಚೆ ಹಿಂದೂಪುರದಿಂದ ಅಚ್ಚು ಹಾಕಿಸಬೇಕಾಯಿತು. ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ಆಗಲೂ ದಿವಾನರು ಹೋಗಲಿಲ್ಲ, ಮಂತ್ರಿಮಂಡಲಕ್ಕೂ ಅರಮನೆಗೂ ನಡುವೆ ಇದ್ದೇ ಇದ್ದರು. ಕೊಟ್ಟರು ಅನ್ನುವುದಕ್ಕೂ ಪಡೆದರು ಅನ್ನುವುದಕ್ಕೂ ವ್ಯತ್ಯಾಸ ಇದೆ.

ಗಾಯತ್ರಿಪುರಂ

ಸರಿ, ಪಡೆದರು ಅಂತಲೇ ಇಟ್ಟುಕೊಳ್ಳಿ. ಆದರೆ ಬೇರೆ ಕಡೆ ಹಾಗೆ ಪಡೆಯಲು ಎಷ್ಟು ರಕ್ತ ಹರಿಯಿತು ನೋಡಿ. ಕಲಬುರಗಿಯವರು ಮೇಲೆ ಹೇಳಿದ್ದಾರೆ. ನಮ್ಮ ಮಹಾರಾಜರು ಹಟ ಹಿಡಿದು ಕೂರಲಿಲ್ಲ. ಆ ಒಂದು ಗುಣಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಅದನ್ನು ನೀವು ಬಿಡಿಸಲಾಗಲ್ಲ.

ಲಕ್ಷ್ಮೀಪುರಂ_ಲಲಿತ

ಬಿಡಿಸುವುದು ಬೇಡ. ಮುಗಿಯಿರಿ. ಜೊತೆಗೆ ರಾಮಸ್ವಾಮಿಯ ಹೆಸರೂ ಹೇಳಿ, ಅಷ್ಟೇ ನಾನು ಕೇಳುವುದು.

ಬೆಟ್ಟದ_ಪಾದ

ಇಷ್ಟು ಜನ ಇಷ್ಟು ವಿಷಯ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹಳೇಕಡತ ಸರ್, ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು ಎಲ್ಲಿ ಓದಲು ಸಿಗುತ್ತವೆ? ನಮ್ಮ ತಾಲ್ಲೂಕಿನವರು ಏನು ಕೇಳಿದ್ದರು ಅಂತ ನೋಡಬೇಕು.

ಹಳೇಕಡತ

ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಮೈಸೂರಿನಲ್ಲೂ ಅವರ ವಿಭಾಗೀಯ ಕಚೇರಿ ಇದೆ. ಗುರುತಿನ ಚೀಟಿ ತೋರಿಸಿ ಅರ್ಜಿ ಕೊಡಬೇಕು. ತಾಲ್ಲೂಕು, ವರ್ಷ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ರಾಶಿ ನೋಡಿ ಗಾಬರಿ ಆಗುತ್ತೀರಿ. ಬರಗಾಲದ ವರ್ಷಗಳ ನಡವಳಿ ಮೊದಲು ತೆಗೆಸಿ. ಕಂದಾಯ ಮಾಫಿ ಮಾಡಿ ಅಂತ ಕೇಳಿದ್ದು, ಅದಕ್ಕೆ ದಿವಾನರು ಕೊಟ್ಟ ಉತ್ತರ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ.

ಬೂದನೂರು_ಬಸವ

ನಾನೂ ಬರುತ್ತೇನೆ. ಇರ್ವಿನ್ ನಾಲೆ ಕರದ ಕಡತ ನನಗೆ ಬೇಕು. ಸಕ್ಕರೆನಾಡು ಅಣ್ಣ, ನೀವೂ ಬನ್ನಿ, ನಿಮ್ಮೂರಿನವರ ಹೆಸರು ಅದರಲ್ಲಿ ಇದ್ದರೂ ಇರಬಹುದು.

ಸಕ್ಕರೆನಾಡು_71

ಬರುತ್ತೇನೆ. ಯಾವತ್ತು ಅಂತ ಹೇಳಿ. ಭಾನುವಾರ ಬೇಡ, ಕಚೇರಿ ಮುಚ್ಚಿರುತ್ತದೆ.